ಗಾದಿ ಮ್ಯಾಲೆ ಕುಂತವನ ಹೊಣೆ: ರಾಜರ್ಷಿ ಶಾಹೂ ಮಹಾರಾಜರು



ಈ ಸಲದ ಸ್ಮರಣಿಕೆಗೆ ಒಬ್ಬ ರಾಜನ ಬಗ್ಗೆ ಬರಿ ಅಂತ ನಮ್ಮ ಮಂಡಳದ ಅಣ್ಣಾರು ಹೇಳಿದಾಗ ಖರೇ ಹೇಳ್ತೀನಿ, ನನಗೆ ಮನಸ್ಸು ಇರಲಿಲ್ಲ. ಬಿ.ಎ. ಇತಿಹಾಸದ ಪೇಪರಿನಲ್ಲಿ ರಾಜರು ಅಂದ್ರ ಯುದ್ಧ, ಇಸವಿ, ಯಾರ ಮಗ ಯಾರು, ಅಷ್ಟ. ನಮ್ಮ ಮಂದಿಗೆ ರಾಜರು ಏನು ಕೊಟ್ಟಾರ ಅಂತ ಕೇಳಿದ್ರ ಬಹಳಷ್ಟು ಕಡೆ ಉತ್ತರ ಬೆನ್ನಿನ ಮ್ಯಾಲಿನ ಬಾಸುಂಡೆ ಅನ್ನೋದೇ ಆಗಿರತೈತಿ. ಆದರೆ ಮಂಡಳದ ಖೋಲಿಯೊಳಗಿನ ಮೂರು ಫೋಟೋ ನೀವು ನೋಡೀರಿ. ಒಂದು ಕಡೆ ಜ್ಯೋತಿಬಾ ಫುಲೆ, ಇನ್ನೊಂದು ಕಡೆ ಬಾಬಾಸಾಹೇಬರು, ನಡುವೆ ಪಟಗಾ ಸುತ್ತಿದ ದಪ್ಪ ಮೀಸೆಯ ಒಬ್ಬ ಮನುಷ್ಯ. ಜಯಂತಿ ದಿವಸ ಸಣ್ಣ ಹುಡುಗರು ಆ ನಡುವಿನವರು ಯಾರು ಅಂತ ಕೇಳತಾವ. ಶಾಹೂ ಮಹಾರಾಜರು ಅಂತ ಹೇಳಿ ನಾವು ಮುಂದೆ ಹೋಗಿಬಿಡ್ತೀವಿ. ಮುಂದಿನ ಪ್ರಶ್ನೆ ಕೇಳಿದ್ರ ನಮಗೇ ಗೊತ್ತಿಲ್ಲ. ಅದಕ್ಕಾಗಿ ಬರೆಯಾಕ ಕುಂತೆ.

ನಮ್ಮ ನೇಸರಿಯ ಹೆಸರು ಹೊರಗಿನವರಿಗೆ ಗೊತ್ತಿರೋದು ಒಂದೇ ಕಾರಣಕ್ಕೆ. 1674 ರ ಫೆಬ್ರುವರಿ 24 ರಂದು ಇಲ್ಲಿಯ ಖಿಂಡಿಯೊಳಗೆ ಪ್ರತಾಪರಾವ ಗುಜರ ಆರು ಜನ ಸವಾರರನ್ನು ಕರಕೊಂಡು ಬಹಲೋಲ ಖಾನನ ಫೌಜಿನ ಮ್ಯಾಲೆ ಬಿದ್ದ, ಏಳೂ ಜನ ಅಲ್ಲೇ ಸತ್ತರು. ಕೈಗೆ ಸಿಕ್ಕ ಖಾನನನ್ನು ಬಿಟ್ಟುಕೊಟ್ಟಿದ್ದಕ್ಕೆ ಶಿವಾಜಿ ಮಹಾರಾಜರು ಸಿಟ್ಟಿನಿಂದ ಬರೆದ ಪತ್ರ ಅವನ ಎದೆಗೆ ನಟ್ಟಿತ್ತು. ಈ ಕತೆ ನಮಗ ಬಾಯಿಪಾಠ. ಅದರ ನಂತರದ್ದು ಕಡಿಮೆ ಮಂದಿಗೆ ಗೊತ್ತು: ಪ್ರತಾಪರಾವನ ಮಗಳು ಜಾನಕಿಬಾಯಿಯನ್ನು ಮಹಾರಾಜರು ತಮ್ಮ ಮಗ ರಾಜಾರಾಮನಿಗೆ ತಂದುಕೊಂಡರು. ತನ್ನ ಮಾತಿಗೆ ಒಬ್ಬ ಸತ್ತ ಅಂದ್ರ ಅವನ ಮನೀ ಭಾರ ರಾಜನ ಮ್ಯಾಲೆ ಬಂತು. ಕೊಲ್ಲಾಪುರದ ಗಾದಿ ಅದೇ ರಾಜಾರಾಮ ಮತ್ತು ತಾರಾಬಾಯಿಯವರ ಕಡೆಯದು. ಖಿಂಡಿಗೆ ಎರಡು ನೂರು ವರ್ಷ ತುಂಬಿದ 1874 ರಲ್ಲೇ, ಜೂನ್ 26 ರಂದು, ಕೊಲ್ಲಾಪುರದ ಹತ್ತಿರ ಕಸಬಾ ಬಾವಡಾದಲ್ಲಿ ಆ ಗಾದಿಗೆ ಬರಬೇಕಾದ ಹುಡುಗ ಹುಟ್ಟಿದ. ಹೆಸರು ಯಶವಂತರಾವ ಘಾಟಗೆ.

ತಂದೆ ಕಾಗಲ್ ಜಹಗೀರಿನ ಜಯಸಿಂಗರಾವ, ಜನ ಕರೆಯೋದು ಆಬಾಸಾಹೇಬ. ತಾಯಿ ರಾಧಾಬಾಯಿ ನಮ್ಮ ಕನ್ನಡ ಸೀಮೆಯ ಮುಧೋಳದ ಘೋರ್ಪಡೆ ಮನೆತನದ ಮಗಳು. ಮಗನಿಗೆ ಮೂರು ವರ್ಷ ಆಗೋದರೊಳಗೆ ತಾಯಿ ತೀರಿಕೊಂಡಳು. ಕೊಲ್ಲಾಪುರದ ನಾಲ್ಕನೇ ಶಿವಾಜಿ 1883 ರಲ್ಲಿ ಅಹಮದನಗರದಲ್ಲಿ ಇಂಗ್ರಜರ ಕಾವಲಿನೊಳಗೆ ಸತ್ತಾಗ ಮಕ್ಕಳಿರಲಿಲ್ಲ. ಅವನ ಹೆಂಡತಿ ಆನಂದಿಬಾಯಿ 1884 ರ ಮಾರ್ಚ್ 17 ರಂದು ಯಶವಂತನನ್ನು ದತ್ತಕ ತಗೊಂಡಳು. ಹತ್ತು ತುಂಬದ ಹುಡುಗ ಶಾಹೂ ಛತ್ರಪತಿ ಆದ. ಹೆಸರಷ್ಟೇ ರಾಜನದು. ಆಡಳಿತ ಬೇರೆಯವರ ಕೈಯಾಗಿತ್ತು.

ರಾಜಕೋಟದಲ್ಲಿ ಕೆಲವು ವರ್ಷ ಕಲಿತ ಮ್ಯಾಲೆ ಹುಡುಗನನ್ನು ಎಲ್ಲಿಗೆ ಕಳಿಸಿದರು ಗೊತ್ತೇನ್ರಿ? ಧಾರವಾಡಕ್ಕೆ. 1890 ರಿಂದ 1894 ರ ತನಕ ಅಲ್ಲಿ ಸ್ಟುವರ್ಟ್ ಫ್ರೇಜರ್ ಅನ್ನೋ ಸಾಹೇಬನ ಕೈಯೊಳಗೆ ಓದಿದರು. ಇಂಗ್ಲಿಷ್, ಇತಿಹಾಸ ಇದ್ದೇ ಇತ್ತು. ಅದರ ಜೋಡಿ ರಾಜ್ಯ ನಡೆಸೋ ಕೆಲಸ. ಇದೇ ಫ್ರೇಜರ್ ಮುಂದೆ ಮೈಸೂರಿಗೆ ಹೋಗಿ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರು ಆದ. ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಟ್ಟ ರಾಜರು ಅಂತ ಇವತ್ತು ಎಲ್ಲರೂ ಹೆಸರು ಹೇಳೋ ಇಬ್ಬರೂ ಒಬ್ಬನೇ ಮಾಸ್ತರನ ಶಿಷ್ಯರು. ಇದನ್ನು ಓದಿದಾಗ ನನಗೆ ಭಾರಿ ಸೋಜಿಗ ಆತು. ಆದರೆ ಎಲ್ಲಾ ಮಾಸ್ತರನೇ ಕಲಿಸಿದ ಅಂತ ನಾ ಹೇಳೋದಿಲ್ಲ. ಫ್ರೇಜರ್ ಕಲಿಸಿದ ಎಲ್ಲಾ ರಾಜಕುಮಾರರೂ ಹಿಂಗಾಗಲಿಲ್ಲ.

1894 ರ ಏಪ್ರಿಲ್ 2 ರಂದು ಇಪ್ಪತ್ತು ತುಂಬದ ವಯಸ್ಸಿನಲ್ಲಿ ಅಧಿಕಾರ ಕೈಗೆ ಬಂತು. ಹೊಸ ರಾಜ ತನ್ನ ಕಚೇರಿ ನೋಡಿದ. ಆಡಳಿತದ 71 ಹುದ್ದೆಯಲ್ಲಿ 60 ಒಂದೇ ಜಾತಿಯವರ ಕೈಯಾಗ, ಬ್ರಾಹ್ಮಣರ ಕೈಯಾಗ ಇದ್ದವು. ಕಾರಕೂನರ ಸುಮಾರು 500 ಜಾಗದಲ್ಲಿ ಬ್ಯಾರೆಯವರು ಹತ್ತು ಮಂದಿ. ಇದು ಬರೀ ನೌಕರಿ ಮಾತಲ್ಲ. ಊರಾಗ ಕುಲಕರ್ಣಿ ಬರೆದಿದ್ದೇ ದಫ್ತರ. ನಿಮ್ಮ ಹೊಲದ ಬಾಂದು ಎಲ್ಲಿ, ನೀವು ಕಟ್ಟಿದ ಫಾಳೆ ಎಷ್ಟು, ನಿಮ್ಮ ಸಾಲ ತೀರೇತೋ ಇಲ್ಲೋ, ಎಲ್ಲಾ ಅವನ ಲೇಖಣಿಕಿಯೊಳಗೆ. ಓದಲು ಬಾರದವನು ಹೆಬ್ಬಟ್ಟು ಒತ್ತಿ ಮನೀಗೆ ಬರತಿದ್ದ. ತಕರಾರು ತಗೊಂಡು ಮ್ಯಾಲಿನ ಕಚೇರಿಗೆ ಹೋದರೆ ಅಲ್ಲಿ ಕುಂತವರೂ ಅವರವರೇ. ರಾಜನ ನ್ಯಾಯ ಎಷ್ಟು ದೊಡ್ಡದಿದ್ದರೂ ನಡುವಿನ ಮಂದಿಯನ್ನು ದಾಟಿ ಗುಡಿಸಲಿನ ತನಕ ಬರಬೇಕಲ್ಲ?

ಕಚೇರಿ ತಿದ್ದೋದರ ಮೊದಲೇ ಬರಗಾಲ ಬಂತು. 1896-97 ರಲ್ಲಿ ಒಂದು, 1899-1900 ರಲ್ಲಿ ಮತ್ತೊಂದು, ನಡುವೆ ಪ್ಲೇಗು. ಕಡಿಮೆ ದರದ ಕಾಳಿನ ಅಂಗಡಿ ತೆರೆಸಿದರು, ರೈತರಿಗೆ ತಗಾವಿ ಸಾಲ ಕೊಟ್ಟರು, ರಸ್ತೆ ಕೆರೆಯ ಕೆಲಸ ಹಚ್ಚಿ ಕೂಲಿ ಕೊಟ್ಟರು. ಹಸಿದವರಿಗೆ ಅನ್ನ ಹಾಕೋದು ಹಿಂದಿನ ರಾಜರೂ ಮಾಡಿದ್ದರು ಅನ್ನಬಹುದು. ಇವರು ಅಲ್ಲಿಗೇ ಬಿಡಲಿಲ್ಲ. ನೀರು ನಿಲ್ಲಿಸದೆ ಬರ ಹೋಗೋದಿಲ್ಲ ಅಂತ ತಿಳಿದು ಭೋಗಾವತಿ ನದಿಗೆ ಆಣೆಕಟ್ಟು ಕಟ್ಟಲು ಕೈ ಹಚ್ಚಿದರು. ಅಲ್ಲಿ ಎಬ್ಬಿಸಿದ ಊರಿಗೆ ಮಗಳ ಹೆಸರಿಟ್ಟರು, ಅದೇ ರಾಧಾನಗರಿ. ರೊಕ್ಕ ಸಾಲದೆ 1918 ರಲ್ಲಿ ಕೆಲಸ ನಿಂತಿತು, ಪೂರ್ತಿ ಆಗಿದ್ದು ಸ್ವಾತಂತ್ರ್ಯ ಬಂದ ಮ್ಯಾಲೆ 1950 ರ ದಶಕದಲ್ಲಿ. ಮಳೆಗಾಲದಲ್ಲಿ ರಾಧಾನಗರಿಯ ಏಳು ಬಾಗಿಲದಾಗ ಎಷ್ಟು ತಾವಾಗೇ ತೆರೆದಾವ ಅಂತ ಪೇಪರಿನೊಳಗೆ ನೋಡ್ತೀರಲ್ಲ, ಅದು ಇಪ್ಪತ್ತೈದು ವರ್ಷದ ರಾಜ ಬರಗಾಲ ನೋಡಿ ಕಲಿತ ಪಾಠ.

ಇನ್ನು ವೇದೋಕ್ತದ ಸಂಗತಿ. ಕಾರ್ತಿಕ ಮಾಸದಲ್ಲಿ ಮಹಾರಾಜರು ಪಂಚಗಂಗೆಗೆ ಸ್ನಾನಕ್ಕೆ ಹೋಗತಿದ್ದರು. 1899 ರ ಸುಮಾರಿಗೆ ಒಂದು ದಿವಸ ಭಟ್ಟರು ಹೇಳೋ ಮಂತ್ರ ವೇದದ್ದಲ್ಲ, ಪುರಾಣದ್ದು ಅಂತ ಗೊತ್ತಾತು. ಯಾಕೆ ಅಂತ ಕೇಳಿದರೆ, ಶೂದ್ರರಿಗೆ ಪುರಾಣದ್ದೇ ಸಾಕು ಅನ್ನೋ ಅರ್ಥದ ಉತ್ತರ ಬಂತು. ಭಟ್ಟ ಸ್ವತಃ ಜಳಕಾ ಮಾಡದೇ ಬಂದಿದ್ದ ಅಂತಲೂ ಹೇಳತಾರ. ಯೋಚನೆ ಮಾಡ್ರಿ: ಇಡೀ ಸಂಸ್ಥಾನದ ಧಣಿ, ಅವನ ಅನ್ನ ಉಣ್ಣೋ ಪುರೋಹಿತ ಅವನಿಗೇ ನೀ ಕೆಳಗಿನವ ಅಂತ ತೋರಿಸಿದ. ಮುಂದೆ ದೊಡ್ಡ ಗದ್ದಲ ಆತು, ಲೋಕಮಾನ್ಯ ತಿಲಕರೂ ಮಹಾರಾಜರ ಎದುರು ನಿಂತರು. ಮಹಾರಾಜರು ಜಗ್ಗದೆ ರಾಜೋಪಾಧ್ಯೆಯ ಇನಾಮು ಕಿತ್ತುಕೊಂಡರು. 1920 ರಲ್ಲಿ ನಮ್ಮ ಪಕ್ಕದ ಭುದರಗಡ ತಾಲೂಕಿನ ಪಾಟಗಾವದ ಮಠಕ್ಕೆ ಒಬ್ಬ ಮರಾಠಾ ತರುಣನನ್ನು ಕ್ಷಾತ್ರ ಜಗದ್ಗುರು ಅಂತ ಕೂಡಿಸಿದರು.

ಇಲ್ಲಿ ನನ್ನ ಮನಸ್ಸಿಗೆ ಬಂದ ಮಾತು ಹೇಳಿಬಿಡ್ತೀನಿ. ತನಗೆ ಅಪಮಾನ ಆದಾಗ ಸಿಟ್ಟಾಗೋದು ದೊಡ್ಡದಲ್ಲ. ಅಪಮಾನ ಆದ ಬಹಳ ಮಂದಿ ತಾವು ಒಂದು ಮೆಟ್ಟಿಲು ಮ್ಯಾಲೆ ಹತ್ತಿ, ಕೆಳಗಿನವರನ್ನು ಅಲ್ಲೇ ಬಿಟ್ಟಾರ. ಮಹಾರಾಜರೂ ಕ್ಷತ್ರಿಯ ಅನ್ನೋ ಮಾನ ಸಿಕ್ಕ ಕೂಡಲೇ ಸುಮ್ಮನಾಗಬಹುದಿತ್ತು. ತನಗೇ ಹಿಂಗಾದರೆ ಮಹಾರ, ಮಾಂಗ, ಚಂಭಾರರ ಗತಿ ಏನು ಅಂತ ಅವರು ಮುಂದಿನ ವಿಚಾರ ಮಾಡಿದರು. ನಡುವಿನ ಫೋಟೋ ಅದಕ್ಕ ಐತಿ.

1902 ರಲ್ಲಿ ಏಳನೇ ಎಡ್ವರ್ಡ್ ರಾಜನ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೋಗಿದ್ದರು. ಅವರು ಅಲ್ಲಿದ್ದಾಗಲೇ ಜುಲೈ 26 ರಂದು ಕೊಲ್ಲಾಪುರದ ಗ್ಯಾಝೆಟಿನಲ್ಲಿ ಹುಕುಂ ಹೊರಬಿತ್ತು: ಇನ್ನು ಮುಂದೆ ಖಾಲಿ ಆಗೋ ನೌಕರಿಯಲ್ಲಿ ಶೇಕಡಾ 50 ಹಿಂದುಳಿದವರಿಗೆ. ಬ್ರಾಹ್ಮಣ, ಪ್ರಭು, ಶೇಣ್ವಿ, ಪಾರ್ಸಿ ಹಾಗೂ ಇತರ ಮುಂದುವರಿದವರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರು. ಎಲ್ಲಿ ಇವರ ಸಂಖ್ಯೆ ಅರ್ಧಕ್ಕಿಂತ ಕಡಿಮೆ ಐತೋ ಅಲ್ಲಿ ಮುಂದಿನ ನೇಮಕ ಇವರದೇ. ಕಚೇರಿ ಮುಖ್ಯಸ್ಥರು ಮೂರು ತಿಂಗಳಿಗೊಮ್ಮೆ ಲೆಕ್ಕ ಕಳಿಸಬೇಕು. ಆ ಕಡೇ ಮಾತು ನನಗೆ ಬಹಳ ಹಿಡಿಸಿತು. ಹುಕುಂ ಹೊಂಡಿಸೋದು ಸುಲಭ. ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳೋದು ಕಾಳಜಿ ಇದ್ದವನ ಕೆಲಸ. ಬಾಬಾಸಾಹೇಬರಿಗೆ ಆಗ ಹನ್ನೊಂದು ವರ್ಷ. 1912 ರ ಹೊತ್ತಿಗೆ 95 ಹುದ್ದೆಯಲ್ಲಿ ಬ್ರಾಹ್ಮಣರು 35 ಕ್ಕೆ ಇಳಿದಿದ್ದರು.

ಈ ಮೀಸಲಾತಿಯ ಬಗ್ಗೆ ಒಂದು ಕತೆ ನೀವು ಕೇಳಿರಬೇಕು. ಸಾಂಗ್ಲಿ ಕಡೆಯ ಒಬ್ಬ ವಕೀಲರು ಮಹಾರಾಜರ ಹತ್ತಿರ ಬಂದು, ಯೋಗ್ಯತೆ ನೋಡದೆ ಜಾತಿ ನೋಡಿ ನೌಕರಿ ಕೊಡೋದು ಸರಿಯಲ್ಲ ಅಂತ ವಾದ ಮಾಡಿದರಂತ. ಮಹಾರಾಜರು ಅವರನ್ನು ಕುದುರಿ ಲಾಯಕ್ಕೆ ಕರಕೊಂಡು ಹೋದರು. ಎಲ್ಲಾ ಕುದುರಿಗಳ ಬಾಯಿಚೀಲ ಬಿಚ್ಚಿಸಿ, ಕಡಲೀ ಕಾಳನ್ನು ಒಂದೇ ಕಡೆ ಸುರುವಿ, ಕುದುರಿ ಬಿಡಿಸಿದರು. ಗಟ್ಟಿ ಕುದುರಿ ನುಗ್ಗಿ ತಿಂದವು. ಸೊರಗಿದವು, ಮರಿಗಳು ಹಿಂದ ನಿಂತು ನೋಡಿದವು, ಮುಂದ ಬಂದವಕ್ಕೆ ಒದೆ ಬಿತ್ತು. ವಕೀಲರಿಗೆ ಬ್ಯಾರೆ ಉತ್ತರ ಬೇಕಾಗಲಿಲ್ಲ. ಇದು ಇಡೀ ಕೊಲ್ಲಾಪುರ ಜಿಲ್ಲಾದಾಗ ಮಂದಿ ಬಾಯಿಂದ ಬಾಯಿಗೆ ಹೇಳೋ ಕತೆ. ಕಾಲೇಜಿನಲ್ಲಿ ಮೆರಿಟ್ ಮೆರಿಟ್ ಅಂತ ಯಾರರ ಚುಚ್ಚಿದಾಗ ನನಗೆ ಆ ಲಾಯ ನೆನಪಾಗತೈತಿ.

ನೌಕರಿ ಕೊಡತೀನಿ ಅಂದರೆ ಸಾಲದು, ಓದಿದವರು ಬೇಕಲ್ಲ. ಹಳ್ಳಿಯ ಹುಡುಗ ಕೊಲ್ಲಾಪುರಕ್ಕೆ ಬಂದರೆ ಮಲಗೋದೆಲ್ಲಿ, ಉಣ್ಣೋದೆಲ್ಲಿ? 1901 ರಲ್ಲಿ ಮರಾಠಾ ಬೋರ್ಡಿಂಗ್, ಅದೇ ವರ್ಷ ಜೈನರದು, 1906 ರಲ್ಲಿ ಮುಸಲ್ಮಾನರದು, 1907 ರಲ್ಲಿ ಲಿಂಗಾಯತರದು, 1908 ರಲ್ಲಿ ನಮ್ಮ ಹುಡುಗರಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಮಿಸ್ ಕ್ಲಾರ್ಕ್ ಅಂದ್ರ ಮುಂಬೈ ಗವರ್ನರನ ಮಗಳು. ಜಾತಿಗೊಂದು ಬೋರ್ಡಿಂಗ್ ಯಾಕೆ, ಇದೂ ಜಾತಿಯನ್ನೇ ಗಟ್ಟಿ ಮಾಡೋದಲ್ಲೇನು ಅಂತ ನೀವು ಕೇಳಬಹುದು. ನನಗೂ ಹಂಗ ಅನಿಸಿತ್ತು. ಆದರೆ ಆವತ್ತು ಒಂದೇ ಪಂಕ್ತಿಗೆ ಕೂಡಿಸಿದ್ದರೆ ಅರ್ಧ ಹುಡುಗರು ಗಂಟು ಕಟ್ಟಿಕೊಂಡು ಮನೀಗೆ ಹೋಗತಿದ್ದರು, ನಮ್ಮವರು ಬಾಗಿಲ ಒಳಗೇ ಬರತಿರಲಿಲ್ಲ. ಬೋರ್ಡಿಂಗಿನ ಬೆಲೆ ಏನು ಅಂತ ನಾ ಹೇಳಬಲ್ಲೆ. ಹನ್ನೆರಡನೇ ಇಯತ್ತೆ ಮುಗಿದ ವರ್ಷ ನನಗೆ ವಸತಿಗೃಹದಲ್ಲಿ ಜಾಗ ಸಿಗಲಿಲ್ಲ. ಕಾಗದ ಒಂದು ಕಮ್ಮಿ ಐತಿ ಅಂತ ಮೂರು ಸಲ ತಿರುಗಿಸಿದರು. ಆ ವರ್ಷ ಎಸ್ಟಿ ಗಾಡಿಯೊಳಗೆ ನಿಂತು ಎಷ್ಟು ಪುಸ್ತಕ ಓದೇನೋ ಲೆಕ್ಕ ಇಲ್ಲ.

1917 ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮತ್ತು ಪುಕ್ಕಟೆ ಅಂತ ಕಾಯ್ದೆ ಮಾಡಿದರು. ಮಕ್ಕಳನ್ನು ಸಾಲಿಗೆ ಕಳಿಸದ ತಂದೆ ತಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಆವತ್ತಿನ ಒಂದು ರೂಪಾಯಿ ಅಂದ್ರ ಕೂಲಿ ಮನುಷ್ಯನಿಗೆ ಸಣ್ಣದಲ್ಲ.

ಈಗ 1918 ಕ್ಕೆ ಬರೋಣ, ಇದು ನಮ್ಮ ಓಣಿಯ ವಿಷಯ. ಆ ವರ್ಷ ಜೂನಿನಲ್ಲಿ ಮಹಾರಾಜರ ಚಿಕ್ಕ ಮಗ ಶಿವಾಜಿ ಹಂದಿ ಬೇಟೆಯಲ್ಲಿ ಕುದುರಿಯಿಂದ ಬಿದ್ದು ಸತ್ತ. ಹರೇದ ಮಗ. ಅದೇ ಜೂನಿನಲ್ಲಿ ಮಹಾರ ವತನ ರದ್ದು ಮಾಡೋ ಹುಕುಂ ಬಂತು. ಮಗ ಸತ್ತ ಮನೆಯಲ್ಲಿ ಕುಂತು ಅವರು ನಮ್ಮ ಕಾಗದಕ್ಕೆ ಸಹಿ ಹಾಕಿದರು. ವತನ ಅಂದ್ರ ಏನು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ. ಒಂದು ತುಂಡು ಹೊಲ ಕೊಟ್ಟು ಅದರ ಬದಲು ಇಡೀ ಕುಲವನ್ನೇ ಊರಿಗೆ, ಸರ್ಕಾರಕ್ಕೆ ದುಡಿಸೋದು. ಟಪಾಲು ಒಯ್ಯೋದು, ಸಾಹೇಬರ ಗಂಟು ಹೊರೋದು, ಬಾಂದು ತೋರಸೋದು, ಸತ್ತ ದನ ಎಳೆಯೋದು. ಹಗಲಿಲ್ಲ, ರಾತ್ರಿಯಿಲ್ಲ, ಗಂಡಸು ಊರಾಗಿಲ್ಲ ಅಂದ್ರ ಹೆಂಗಸು, ಹುಡುಗರು ಹೋಗಬೇಕು. ಮಹಾರಾಜರು ಆ ಹೊಲವನ್ನು ಸಾದಾ ರೈತರ ಹೊಲದಂಗ ಅವರ ಹೆಸರಿಗೆ ಮಾಡಿಕೊಟ್ಟು ದುಡಿಮೆಯ ಹಗ್ಗ ಬಿಚ್ಚಿದರು. ಮುಂಬೈ ಇಲಾಖೆಯಲ್ಲಿ ಇದೇ ವತನದ ವಿರುದ್ಧ ಬಾಬಾಸಾಹೇಬರು 1928 ರಲ್ಲಿ ಕೌನ್ಸಿಲಿನಲ್ಲಿ ಬಿಲ್ಲು ತಂದರು. ಅಲ್ಲಿ ಕಾಯ್ದೆ ಆಗೋದಕ್ಕೆ 1958 ರ ತನಕ ಕಾಯಬೇಕಾತು. ನಾಲ್ವತ್ತು ವರ್ಷದ ಫರಕು.

ಅದೇ ವರ್ಷ ಕುಲಕರ್ಣಿ ವತನವೂ ಹೋತು, ಪಗಾರಿನ ತಲಾಠಿ ಬಂದ. ಅದೇ ವರ್ಷ ಹಾಜರಿ ನಿಂತಿತು. ಮಹಾರ, ಮಾಂಗ, ರಾಮೋಶಿ, ಬೇಡರು ಹುಟ್ಟುತ್ತಲೇ ಕಳ್ಳರು ಅಂತ ತಿಳಿದು ದಿನಾ ಚಾವಡಿಗೆ ಬಂದು ಹಾಜರಿ ಕೊಡಬೇಕಿತ್ತು. ಪರ ಊರಿಗೆ ಬೀಗರ ಮನೀಗೆ ಹೋಗಬೇಕಂದ್ರೂ ಕೇಳಬೇಕು. 1920 ರಲ್ಲಿ ಬಿಟ್ಟಿ ಬೇಗಾರು ಬಂದ್ ಆತು.

1919 ರಲ್ಲಿ ಅಸ್ಪೃಶ್ಯರ ಬ್ಯಾರೆ ಸಾಲಿ ಮುಚ್ಚಿಸಿ, ದಸರೆಯಿಂದ ಎಲ್ಲಾ ಮಕ್ಕಳೂ ಒಂದೇ ಸಾಲಿಯಲ್ಲಿ ಕೂಡಬೇಕು ಅಂದರು. ದವಾಖಾನೆ, ಕಚೇರಿ, ಸರ್ಕಾರಿ ಬಾವಿ, ಎಲ್ಲಿಯೂ ಮುಟ್ಟುಚಿಟ್ಟು ಇಲ್ಲ.

ಕಾಗದದ ಮ್ಯಾಲಿನ ಹುಕುಂ ನೆಲಕ್ಕೆ ಇಳಿಯೋದು ಹೆಂಗ? ಗಂಗಾರಾಮ ಕಾಂಬಳೆಯ ಕತೆ ಕೇಳ್ರಿ. ಅರಮನೆಯ ಲಾಯದಲ್ಲಿ ದುಡಿಯೋ ಮಹಾರ ಮನುಷ್ಯ. ಮರಾಠರ ನೀರಿನ ಹೌದು ಮುಟ್ಟಿದ ಅಂತ ಅಲ್ಲಿಯ ನೌಕರರು ಅವನನ್ನು ರಕ್ತ ಬರೋ ಹಂಗ ಹೊಡೆದರು. ಮಹಾರಾಜರು ಆಗ ಊರಾಗ ಇರಲಿಲ್ಲ. ಬಂದ ಮ್ಯಾಲೆ ಗಂಗಾರಾಮ ಹೋಗಿ ಬೆನ್ನು ತೋರಿಸಿದ. ಹೊಡೆದವರಿಗೆ ಮಹಾರಾಜರು ತಾವೇ ಚಾಬೂಕು ಹಿಡಿದು ಹೊಡೆದರು ಅಂತಾರ. ಆದರೆ ಆಮ್ಯಾಲೆ ಮಾಡಿದ್ದು ನನಗೆ ಇನ್ನೂ ದೊಡ್ಡದು ಅನಿಸತೈತಿ. ಇನ್ನೊಬ್ಬರ ಚಾಕರಿ ಬ್ಯಾಡ, ಸ್ವಂತ ಧಂದೆ ಮಾಡು ಅಂತ ಹೇಳಿ ರೊಕ್ಕ ಕೊಟ್ಟರು. ಗಂಗಾರಾಮ ಕೊಲ್ಲಾಪುರದ ಭಾವುಸಿಂಗಜಿ ರಸ್ತೆಯಲ್ಲಿ ಸತ್ಯಸುಧಾರಕ ಹೋಟೆಲ್ ಅಂತ ಚಹಾದ ಅಂಗಡಿ ತೆರೆದ. ಸ್ವಚ್ಛ ಅಂಗಡಿ, ಒಳ್ಳೆ ಚಹಾ. ಮಹಾರನ ಕೈಯ ಚಹಾ ಕುಡಿಯೋರು ಯಾರು? ಗಿರಾಕಿ ಇಲ್ಲ. ಸುದ್ದಿ ತಿಳಿದ ಮಹಾರಾಜರು ಗಾಡಿ ಕಟ್ಟಿಸಿಕೊಂಡು ಬಂದು ಅಂಗಡಿ ಮುಂದೆ ನಿಲ್ಲಿಸಿ ಚಹಾ ತರಿಸಿ ಕುಡಿದರು. ಜೋಡಿ ಬಂದ ಸರದಾರರು, ಅಧಿಕಾರಿಗಳು, ಬ್ರಾಹ್ಮಣರು ಸೈತ ಕುಡಿಯಬೇಕಾತು. ಒಂದು ದಿವಸ ಅಲ್ಲ, ಮ್ಯಾಲಿಂದ ಮ್ಯಾಲೆ ಹಂಗ ಮಾಡಿದರು. ಸೋಡಾ ಮಾಡೋ ಯಂತ್ರವನ್ನೂ ಕೊಡಿಸಿದರು.

ನಮ್ಮ ಆಯಿ ಸಣ್ಣಾಕಿ ಇದ್ದಾಗ ಒಂದು ಊರಿನ ಚಹಾದಂಗಡಿಯಲ್ಲಿ ನಮ್ಮವರ ಕಪ್ಪು ಹೊರಗ ಗ್ವಾಡಿ ಮ್ಯಾಲೆ ಇರತಿತ್ತಂತ. ಕುಡಿದು ತಾವೇ ತೊಳೆದು ಬೋರಲ ಹಾಕಿ ಹೋಗಬೇಕು. ಗಂಗಾರಾಮನ ಚಹಾ ಆಗಿ ಎಷ್ಟೋ ವರ್ಷದ ನಂತರದ ಮಾತು ಇದು. ಆಯಿಗೆ ಈ ಕತೆ ಹೇಳಿದಾಗ ಅಕಿ ಬಹಳ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ, ಕುಡಿದ ಕಪ್ಪು ತೊಳೆದವರು ಯಾರು ಅಂತ ಕೇಳಿದಳು. ನನಗೆ ಉತ್ತರ ಬರಲಿಲ್ಲ.

ಹುಕುಂ ಕೊಟ್ಟರೂ ನಿಲ್ಲದ ಸಂಗತಿ ಇನ್ನೂ ಇದ್ದವು. 1920 ರಲ್ಲಿ ಜೋಗತಿ, ದೇವದಾಸಿ ಬಿಡೋ ಪದ್ಧತಿಗೆ ತಡೆ ಹಾಕೋ ಕಾಯ್ದೆ ಮಾಡಿದರು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಗಾಡಿ ಕಟ್ಟೋ ನಮ್ಮ ಕಡೆ ಅದು ಎಷ್ಟು ನಿಂತಿತು ಅಂತ ನಾ ಬರೆಯೋದು ಬ್ಯಾಡ, ಹಿರಿಯಕ್ಕಂದಿರಿಗೆ ಗೊತ್ತೈತಿ. ಕರ್ನಾಟಕ ಸರ್ಕಾರ ಅಂಥಾ ಕಾಯ್ದೆ ಮಾಡಿದ್ದು 1982 ರಲ್ಲಿ.

ಬಾಬಾಸಾಹೇಬರ ಜೋಡಿ ಅವರ ಸ್ನೇಹ ಎರಡು ಮೂರು ವರ್ಷದ್ದಷ್ಟೇ. ಆದರೆ ಆ ಎರಡು ಮೂರು ವರ್ಷ! ಕೊಲ್ಲಾಪುರದ ದತ್ತೋಬಾ ಪೋವಾರ ಇಬ್ಬರನ್ನೂ ಕೂಡಿಸಿದರು. 1920 ರ ಜನವರಿ 31 ರಂದು ಮೂಕನಾಯಕ ಪತ್ರಿಕೆ ಹೊರಬಿತ್ತು, ಅದಕ್ಕೆ ಮಹಾರಾಜರು ಕೊಟ್ಟಿದ್ದು 2500 ರೂಪಾಯಿ. ಮಾರ್ಚ್ 21, 22 ರಂದು ಕಾಗಲ್ ಜಹಗೀರಿನ ಮಾಣಗಾವದಲ್ಲಿ ಅಸ್ಪೃಶ್ಯರ ಪರಿಷತ್ತು. ಅದಕ್ಕೆ ಓಡಾಡಿದ ಊರ ಪಾಟೀಲರು ಜೈನರು, ಅಪ್ಪಾಸಾಹೇಬ ದಾದಗೌಡ ಪಾಟೀಲ. ಅಧ್ಯಕ್ಷ ಜಾಗದಲ್ಲಿ ಇಪ್ಪತ್ತೆಂಟು ವರ್ಷದ ಡಾಕ್ಟರ್ ಅಂಬೇಡ್ಕರ್. ಮಹಾರಾಜರು ಅಲ್ಲಿಗೆ ಬಂದು, ನೀವು ನಿಮ್ಮ ಮುಖಂಡನನ್ನು ನಿಮ್ಮೊಳಗೇ ಕಂಡುಕೊಂಡೀರಿ, ಇವರು ಮುಂದೆ ಇಡೀ ದೇಶಕ್ಕೆ ದಾರಿ ತೋರಿಸತಾರ ಅನ್ನೋ ಅರ್ಥದಲ್ಲಿ ಮಾತಾಡಿದರು. ರಾಜ ಅನ್ನಿಸಿಕೊಂಡವನು ತನ್ನ ಪ್ರಜೆಗೆ, ನಿಮಗೆ ಬೇಕಾದ ನಾಯಕ ನಾನಲ್ಲ, ನಿಮ್ಮವನೇ ಅಂತ ಹೇಳಿದ್ದು ನಾ ಬ್ಯಾರೆಲ್ಲೂ ಓದಿಲ್ಲ. ಎರಡು ತಿಂಗಳ ನಂತರ ನಾಗಪುರದ ಬಹಿಷ್ಕೃತ ಪರಿಷತ್ತಿಗೆ ತಾವೇ ಅಧ್ಯಕ್ಷರಾದರು. ಅದೇ ವರ್ಷ ಬಾಬಾಸಾಹೇಬರು ಲಂಡನ್ನಿಗೆ ಓದು ಮುಗಿಸಲು ಹೊಂಟಾಗ ರೊಕ್ಕದ ಆಸರಾ ಕೊಟ್ಟರು.

ಮಹಾರಾಜರು ದೇವರಲ್ಲ, ನಾವು ಅವರನ್ನು ದೇವರು ಮಾಡೋದೂ ಬ್ಯಾಡ. ಇಂಗ್ರಜರ ಜೋಡಿ ಗಟ್ಟಿಯಾಗೇ ಇದ್ದರು. ಇದ್ದಿಲ್ಲಂದ್ರ ಗಾದಿ ಉಳೀತಿರಲಿಲ್ಲ ಅನ್ನೋದು ಒಂದು ಮಾತು, ಆದರೂ ಸ್ವಾತಂತ್ರ್ಯದ ಚಳವಳಿಯವರಿಗೆ ಅವರ ಮ್ಯಾಲೆ ಸಿಟ್ಟಿತ್ತು. ಬೇಟೆ, ಕುಸ್ತಿ ಅಂದ್ರ ಪ್ರಾಣ. ಖಾಸಬಾಗ ಕುಸ್ತಿ ಮೈದಾನ ಅವರದೇ. ಇನ್ನೊಂದು: ಎಲ್ಲಾ ಒಬ್ಬನ ಹುಕುಮಿನಿಂದ ನಡೀತಿತ್ತು. ಒಳ್ಳೆ ಮನುಷ್ಯ ಇದ್ದಾಗ ಒಳ್ಳೇದಾತು. ಅವನ ಹಿಂದೆ ಬರೋನು ಹೆಂಗೋ ಯಾರಿಗೆ ಗೊತ್ತು? ಬಾಬಾಸಾಹೇಬರು ಇದೇ ಹಕ್ಕುಗಳನ್ನು ಸಂವಿಧಾನದೊಳಗೆ ಯಾಕ ಬರೆದಿಟ್ಟರು ಅಂತ ನನಗೆ ತಿಳಿದಿದ್ದು ಒಬ್ಬ ಒಳ್ಳೇ ರಾಜನ ಚರಿತ್ರೆ ಓದಿದ ಮ್ಯಾಲೆ.

1922 ರ ಮೇ 6 ರಂದು ಮುಂಬೈಯಲ್ಲಿ ಮಹಾರಾಜರು ತೀರಿಕೊಂಡರು. ನಾಲ್ವತ್ತೆಂಟು ತುಂಬಿರಲಿಲ್ಲ. ಬಾಬಾಸಾಹೇಬರು ಆಗ ಲಂಡನ್ನಿನಲ್ಲಿದ್ದರು.

ಕೊಲ್ಲಾಪುರಕ್ಕೆ ಹೋದಾಗ ಅರಮನೆ ಮ್ಯೂಜಿಯಂ ಎಲ್ಲರೂ ನೋಡಿ ಬರತೀರಿ. ಟೈಮ್ ಇದ್ದರೆ ಸಿದ್ಧಾರ್ಥ ನಗರದ ಕಡೆಗೂ ಹೋಗಿ ಬರ್ರಿ. ಮಹಾರಾಜರ ಮೊಟ್ಟಮೊದಲ ಸ್ಮಾರಕ 1925 ರಲ್ಲಿ ಅಲ್ಲಿ ಆತು. ಅರಮನೆಯವರು ಕಟ್ಟಿಸಿದ್ದಲ್ಲ ಅದು, ಸರ್ಕಾರದವರೂ ಅಲ್ಲ. ಮುಂದೆ ನಿಂತು ಅದನ್ನು ಎಬ್ಬಿಸಿದವನು ಚಹಾದಂಗಡಿಯ ಗಂಗಾರಾಮ ಕಾಂಬಳೆ.